ವಾಯುಪಡೆಯಿಂದ ಬಾಹ್ಯಾಕಾಶಕ್ಕೆ: ರಾಕೇಶ್ ಶರ್ಮಾ ನಡೆದ ದಾರಿ

'ಬಾಹ್ಯಾಕಾಶಕ್ಕೆ ಹೋದ ಮೊದಲ ಭಾರತೀಯ ಯಾರು?' ಶಾಲೆಯ ಕ್ವಿಜ್‌ಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆ ಇದು. ಉತ್ತರ ರಾಕೇಶ್ ಶರ್ಮಾ ಎನ್ನುವುದು ಬಹುತೇಕ ಎಲ್ಲರಿಗೂ ಗೊತ್ತು. ಆದರೆ ಅವರು ಹೋದದ್ದು ಎಲ್ಲಿಗೆ ಎಂದು ಕೇಳಿದರೆ 'ಚಂದ್ರನಲ್ಲಿಗೆ' ಎನ್ನುವವರು ಸಿಗುತ್ತಾರೆ. ಕಳಿಸಿದ್ದು ಯಾರು ಎಂದು ಕೇಳಿದರೆ 'ಇಸ್ರೋ' ಎನ್ನುವವರು ಇನ್ನೂ ಹೆಚ್ಚು. ಎರಡೂ ಸರಿಯಲ್ಲ.

1984ರ ಏಪ್ರಿಲ್‌ನಲ್ಲಿ ಶರ್ಮಾ ಬಾಹ್ಯಾಕಾಶದಲ್ಲಿದ್ದದ್ದು ಎಂಟು ದಿನಕ್ಕೂ ಸ್ವಲ್ಪ ಕಡಿಮೆ. ಆ ಎಂಟು ದಿನಗಳ ಹಿಂದೆ ಹದಿನಾಲ್ಕು ವರ್ಷಗಳ ವಾಯುಪಡೆಯ ಸೇವೆ ಇತ್ತು, ಮುಂದೆ ಹದಿನೇಳು ವರ್ಷಗಳ ಹಾರಾಟ ಬಾಕಿ ಇತ್ತು. ಗಗನಯಾತ್ರೆ ಅವರಿಗೆ ಒಲಿದ ಅದೃಷ್ಟ ಎಂದುಕೊಳ್ಳುವ ಬದಲು ಅವರ ವೃತ್ತಿಯ ಭಾಗವಾಗಿ ನೋಡಿದರೆ, ಜಗತ್ತಿನ ಮೊದಲ ಗಗನಯಾತ್ರಿಗಳಲ್ಲಿ ಹೆಚ್ಚಿನವರು ಏಕೆ ಸೇನಾಪಡೆಗಳ ಪೈಲಟ್‌ಗಳೇ ಆಗಿದ್ದರು ಎಂಬ ಪ್ರಶ್ನೆಗೂ ಉತ್ತರ ಸಿಗುತ್ತದೆ.

ಪಟಿಯಾಲಾದಿಂದ ಮಿಗ್-21ರವರೆಗೆ

ರಾಕೇಶ್ ಶರ್ಮಾ ಹುಟ್ಟಿದ್ದು 1949ರ ಜನವರಿ 13ರಂದು, ಪಂಜಾಬಿನ ಪಟಿಯಾಲಾದಲ್ಲಿ. ಓದಿ ಬೆಳೆದದ್ದು ಹೈದರಾಬಾದಿನಲ್ಲಿ. 1966ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದ ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ವಾಯುಪಡೆಯ ಕೆಡೆಟ್ ಆಗಿ ಸೇರಿದರು. 1970ರಲ್ಲಿ ಭಾರತೀಯ ವಾಯುಪಡೆಯ ಪೈಲಟ್ ಆದರು.

ಮರುವರ್ಷವೇ ಭಾರತ-ಪಾಕಿಸ್ತಾನ ಯುದ್ಧ ಶುರುವಾಯಿತು. ಆಗ ಶರ್ಮಾ ಅವರಿಗೆ ಇನ್ನೂ 23 ತುಂಬಿರಲಿಲ್ಲ. ಶಬ್ದಕ್ಕಿಂತ ವೇಗವಾಗಿ ಹಾರುವ ಮಿಗ್-21 ಯುದ್ಧವಿಮಾನದಲ್ಲಿ ಅವರು ಆ ಯುದ್ಧದಲ್ಲಿ 21 ಬಾರಿ ಕಾರ್ಯಾಚರಣೆಗೆ ಹೋಗಿಬಂದರು. ಯುದ್ಧ ಮುಗಿದ ಕೆಲವು ವರ್ಷಗಳಲ್ಲಿ ಪರೀಕ್ಷಾ ಪೈಲಟ್ ಆದರು. ಅವರ ಮುಂದಿನ ದಾರಿ ತಿರುಗಿದ್ದು ಇಲ್ಲಿ.

ಪರೀಕ್ಷಾ ಪೈಲಟ್ ಎಂದರೆ ಯಾರು?

ಹೊಸ ವಿಮಾನವೊಂದನ್ನು ವಿನ್ಯಾಸ ಮಾಡಿದಾಗ, ಅಥವಾ ಹಳೆಯ ವಿಮಾನಕ್ಕೆ ಹೊಸ ಎಂಜಿನ್, ಹೊಸ ಶಸ್ತ್ರ, ಹೊಸ ಉಪಕರಣ ಜೋಡಿಸಿದಾಗ, ಅದು ಗಾಳಿಯಲ್ಲಿ ಹೇಗೆ ವರ್ತಿಸುತ್ತದೆ ಎಂದು ಕಾಗದದ ಲೆಕ್ಕ ಪೂರ್ತಿ ಹೇಳಲಾರದು. ಯಾರಾದರೂ ಹಾರಿಸಿಯೇ ನೋಡಬೇಕು. ಎಷ್ಟು ನಿಧಾನವಾದರೆ ರೆಕ್ಕೆಗಳು ವಿಮಾನವನ್ನು ಎತ್ತಿ ಹಿಡಿಯಲಾರವು? ಸುತ್ತುತ್ತಾ ಬೀಳತೊಡಗಿದರೆ ಅದನ್ನು ಮತ್ತೆ ಹತೋಟಿಗೆ ತರಬಹುದೇ? ಗಾಳಿಯಲ್ಲೇ ಎಂಜಿನ್ ನಿಂತರೆ ಮತ್ತೆ ಚಾಲೂ ಆಗುತ್ತದೆಯೇ? ಇಂತಹ ಪ್ರಶ್ನೆಗಳಿಗೆ ಉತ್ತರ ತರುವುದು ಪರೀಕ್ಷಾ ಪೈಲಟ್‌ನ ಕೆಲಸ.

ಇದಕ್ಕೆ ಬೇಕಾದದ್ದು ಬರೀ ಧೈರ್ಯವಲ್ಲ. ವಿಮಾನ ಅಲುಗಾಡುವಾಗ, ಎಚ್ಚರಿಕೆಯ ದೀಪಗಳು ಹೊತ್ತಿಕೊಂಡಾಗ, ಯಾವ ಕ್ಷಣಕ್ಕೆ ಏನಾಯಿತು ಎಂಬುದನ್ನು ಗಮನಿಸಿ, ನೆನಪಿಟ್ಟುಕೊಂಡು, ನೆಲಕ್ಕಿಳಿದ ಮೇಲೆ ಎಂಜಿನಿಯರುಗಳಿಗೆ ಅವರ ಭಾಷೆಯಲ್ಲೇ ವಿವರಿಸಬೇಕು. 'ಯಾಕೋ ಸರಿ ಇರಲಿಲ್ಲ' ಎಂದರೆ ಯಾರಿಗೂ ಪ್ರಯೋಜನವಿಲ್ಲ. ಎಷ್ಟು ಎತ್ತರದಲ್ಲಿ, ಎಷ್ಟು ವೇಗದಲ್ಲಿ, ಯಾವ ಕಡೆಗೆ ಎಷ್ಟು ವಾಲಿತು ಎಂದು ಹೇಳಬೇಕು. ಹಾಗಾಗಿ ಪರೀಕ್ಷಾ ಪೈಲಟ್‌ನನ್ನು ಅರ್ಧ ಪೈಲಟ್, ಅರ್ಧ ಎಂಜಿನಿಯರ್ ಎನ್ನಬಹುದು. ನಮ್ಮ ವಾಯುಪಡೆಯ ಪರೀಕ್ಷಾ ಪೈಲಟ್‌ಗಳ ತರಬೇತಿ ಶಾಲೆ ಇರುವುದು ಬೆಂಗಳೂರಿನಲ್ಲಿ.

ಗಗನಯಾತ್ರಿಗಳು ವಾಯುಪಡೆಯಿಂದಲೇ ಏಕೆ?

1959ರಲ್ಲಿ ಅಮೆರಿಕದ ನಾಸಾ ತನ್ನ ಮೊದಲ ಏಳು ಗಗನಯಾತ್ರಿಗಳನ್ನು ಆರಿಸಿದಾಗ ಏಳೂ ಮಂದಿ ಸೇನಾಪಡೆಗಳ ಪರೀಕ್ಷಾ ಪೈಲಟ್‌ಗಳಾಗಿದ್ದರು. 1961ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಮಾನವ ಯೂರಿ ಗಗಾರಿನ್ ಸೋವಿಯತ್ ವಾಯುಪಡೆಯ ಪೈಲಟ್. ಇದು ಕಾಕತಾಳೀಯವಲ್ಲ, ಇದಕ್ಕೆ ಮೂರು ಮುಖ್ಯ ಕಾರಣಗಳಿವೆ.

ಮೊದಲನೆಯದು ದೇಹ. ವೇಗ ಹಠಾತ್ತಾಗಿ ಏರಿದಾಗ ಅಥವಾ ದಿಕ್ಕು ಬದಲಾದಾಗ ದೇಹ ತನ್ನ ತೂಕದ ಹಲವು ಪಟ್ಟು ಭಾರವಾದಂತೆ ಭಾಸವಾಗುತ್ತದೆ. ಇದನ್ನು 'ಜಿ' ಎಂಬ ಅಳತೆಯಲ್ಲಿ ಹೇಳುತ್ತಾರೆ. ಭೂಮಿಯ ಮೇಲೆ ಸುಮ್ಮನೆ ಕೂತಿರುವಾಗ ನಮ್ಮ ಮೇಲಿರುವುದು 1 ಜಿ. ಯುದ್ಧವಿಮಾನ ಬಿಗಿಯಾಗಿ ತಿರುಗುವಾಗ ಇದು 6 ಜಿ ದಾಟಬಹುದು. ಆಗ ರಕ್ತ ತಲೆಯಿಂದ ಕಾಲಿನ ಕಡೆಗೆ ಇಳಿದು ಕಣ್ಣು ಕತ್ತಲೆ ಬರುತ್ತದೆ. ಇದನ್ನು ತಾಳಿಕೊಳ್ಳುವುದು ಪೈಲಟ್‌ಗಳಿಗೆ ಅಭ್ಯಾಸ. ಸೋಯುಜ್ ನೌಕೆಯ ಉಡಾವಣೆಯಲ್ಲಿ ಅನುಭವಕ್ಕೆ ಬರುವುದು ಸುಮಾರು 3ರಿಂದ 4 ಜಿ. ಅಲ್ಲಿ ಗಗನಯಾತ್ರಿಗಳು ಮಂಡಿ ಮಡಚಿ ಅಂಗಾತ ಮಲಗಿರುತ್ತಾರೆ. ಹಾಗಾಗಿ ಒತ್ತಡ ಎದೆಯಿಂದ ಬೆನ್ನಿನ ಕಡೆಗೆ ಬೀಳುತ್ತದೆ, ರಕ್ತ ತಲೆಯಿಂದ ಇಳಿದುಹೋಗುವುದಿಲ್ಲ.

ಎರಡನೆಯದು ಮನಸ್ಸು. ಇಕ್ಕಟ್ಟಾದ ಜಾಗದಲ್ಲಿ ಕೂತು, ಏನಾದರೂ ಕೆಟ್ಟಾಗ ಗಾಬರಿಯಾಗದೆ ಕಲಿತ ಕ್ರಮವನ್ನು ಒಂದೊಂದಾಗಿ ಪಾಲಿಸುವ ಗುಣ ಅದು.

ಮೂರನೆಯದು ವರದಿ ಮಾಡುವ ಶಿಸ್ತು. ಗಗನಯಾತ್ರಿ ಪ್ರಯೋಗ ಮಾಡುವವನೂ ಹೌದು, ಪ್ರಯೋಗಕ್ಕೆ ಒಳಗಾಗುವವನೂ ಹೌದು. ತನ್ನ ದೇಹಕ್ಕೆ ಆಗುತ್ತಿರುವುದನ್ನು ಹೆಚ್ಚು ಮಾಡದೆ, ಕಡಿಮೆ ಮಾಡದೆ ಹೇಳಬಲ್ಲವನು ಬೇಕು. ಪರೀಕ್ಷಾ ಪೈಲಟ್ ವರ್ಷಗಟ್ಟಲೆ ಮಾಡಿದ್ದು ಇದನ್ನೇ.

ಸೋವಿಯತ್ ಆಹ್ವಾನ, ಬೆಂಗಳೂರಿನ ಕೋಣೆ

1978ರಿಂದ ಸೋವಿಯತ್ ಒಕ್ಕೂಟ 'ಇಂಟರ್‌ಕಾಸ್ಮೋಸ್' ಕಾರ್ಯಕ್ರಮದಡಿ ತನ್ನ ಸ್ನೇಹಿತ ರಾಷ್ಟ್ರಗಳ ಗಗನಯಾತ್ರಿಗಳನ್ನು ಬಾಹ್ಯಾಕಾಶಕ್ಕೆ ಕರೆದೊಯ್ಯತೊಡಗಿತು. ಚೆಕೊಸ್ಲೊವಾಕಿಯಾ, ಪೂರ್ವ ಜರ್ಮನಿ, ವಿಯೆಟ್ನಾಂ, ಕ್ಯೂಬಾ, ಮಂಗೋಲಿಯಾ ಮುಂತಾದ ದೇಶಗಳ ಸರದಿ ಮುಗಿದ ಮೇಲೆ ಭಾರತದ ಸರದಿ ಬಂತು. ಆಗ ಭಾರತದ ಬಳಿ ಮಾನವರನ್ನು ಒಯ್ಯುವ ರಾಕೆಟ್ಟೂ ಇರಲಿಲ್ಲ, ನೌಕೆಯೂ ಇರಲಿಲ್ಲ. ಸ್ವದೇಶಿ ರಾಕೆಟ್ ಎಸ್‌ಎಲ್‌ವಿ-3 ಮೊದಲ ಬಾರಿಗೆ ಉಪಗ್ರಹವೊಂದನ್ನು ಕಕ್ಷೆಗೆ ಸೇರಿಸಿದ್ದು 1980ರಲ್ಲಿ. ಆ ಉಪಗ್ರಹದ ತೂಕ 35 ಕಿಲೋ.

ಹಾಗಾಗಿ ಅಭ್ಯರ್ಥಿಗಳನ್ನು ವಾಯುಪಡೆಯಿಂದ ಆರಿಸಲಾಯಿತು. ಆಯ್ಕೆಯ ಭಾಗವಾಗಿ ಬೆಂಗಳೂರಿನ ವಾಯುಪಡೆಯ ಕೇಂದ್ರದಲ್ಲಿ ಶರ್ಮಾ ಅವರನ್ನು ಕೃತಕ ಬೆಳಕಿನ ಕೋಣೆಯೊಂದರಲ್ಲಿ 72 ಗಂಟೆ ಒಂಟಿಯಾಗಿ ಇರಿಸಲಾಗಿತ್ತು. ಮುಚ್ಚಿದ ಜಾಗದ ಭಯ ಮನಸ್ಸಿನ ಮೂಲೆಯಲ್ಲಿ ಅಡಗಿದೆಯೇ ಎಂದು ನೋಡುವುದು ಇದರ ಉದ್ದೇಶ.

1982ರ ಸೆಪ್ಟೆಂಬರ್‌ನಲ್ಲಿ ಇಬ್ಬರ ಹೆಸರು ಅಂತಿಮವಾಯಿತು. ಒಬ್ಬರು ರಾಕೇಶ್ ಶರ್ಮಾ, ಇನ್ನೊಬ್ಬರು ರವೀಶ್ ಮಲ್ಹೋತ್ರಾ. ಇಬ್ಬರೂ ಪರೀಕ್ಷಾ ಪೈಲಟ್‌ಗಳು. ಮಲ್ಹೋತ್ರಾ ವಯಸ್ಸಿನಲ್ಲೂ ಹುದ್ದೆಯಲ್ಲೂ ಹಿರಿಯರು.

ಇಬ್ಬರು ಸಿದ್ಧರಾದರು, ಒಬ್ಬರು ಹೋದರು

ಮಾಸ್ಕೋ ಬಳಿಯ 'ಸ್ಟಾರ್ ಸಿಟಿ'ಯಲ್ಲಿರುವ ಯೂರಿ ಗಗಾರಿನ್ ತರಬೇತಿ ಕೇಂದ್ರದಲ್ಲಿ ಮೊದಲ ಪಾಠ ರಾಕೆಟ್ಟಿನದಲ್ಲ, ರಷ್ಯನ್ ಭಾಷೆಯದು. ನೌಕೆಯ ಗುಂಡಿಗಳ ಮೇಲಿನ ಬರಹ, ಕೈಪಿಡಿ, ನೆಲದಿಂದ ಬರುವ ಸೂಚನೆ ಎಲ್ಲವೂ ಆ ಭಾಷೆಯಲ್ಲೇ. ಅಪಾಯದ ಹೊತ್ತಿನಲ್ಲಿ ಮನಸ್ಸಿನಲ್ಲೇ ಅನುವಾದ ಮಾಡಿಕೊಳ್ಳುತ್ತಾ ಕೂರಲು ಸಮಯವಿರುವುದಿಲ್ಲ.

ಮಲ್ಹೋತ್ರಾ ಅವರ ತರಬೇತಿ ಶರ್ಮಾ ಅವರದಕ್ಕಿಂತ ಒಂದು ಗುಲಗಂಜಿಯಷ್ಟೂ ಕಡಿಮೆ ಇರಲಿಲ್ಲ. ಮೀಸಲು ತಂಡ ಎಂದರೆ ಹೆಸರಿಗಷ್ಟೇ ಇರುವ ತಂಡವಲ್ಲ. ಮುಖ್ಯ ತಂಡದವರಿಗೆ ಕೊನೆಯ ಗಳಿಗೆಯಲ್ಲಿ ಜ್ವರ ಬಂದರೂ ಇವರು ಹೋಗಲು ಸಿದ್ಧರಿರಬೇಕು. ಈ ಯಾನದಲ್ಲೇ ಅದಕ್ಕೊಂದು ಉದಾಹರಣೆ ಇದೆ: ಮೊದಲು ಆಯ್ಕೆಯಾಗಿದ್ದ ಫ್ಲೈಟ್ ಎಂಜಿನಿಯರ್ ನಿಕೊಲಾಯ್ ರುಕಾವಿಷ್ನಿಕೊವ್ ಅನಾರೋಗ್ಯದಿಂದ ಹೊರಗುಳಿದು, ಅವರ ಜಾಗಕ್ಕೆ ಗೆನ್ನಡಿ ಸ್ಟ್ರೆಕಲೊವ್ ಬಂದರು. ಭಾರತದ ಇಬ್ಬರಲ್ಲಿ ಯಾರಿಗೂ ಹಾಗೇನೂ ಆಗಲಿಲ್ಲ, ಮಲ್ಹೋತ್ರಾ ನೆಲದಲ್ಲೇ ಉಳಿದರು. ಅವರಿಗೆ ಬಾಹ್ಯಾಕಾಶಕ್ಕೆ ಹೋಗುವ ಅವಕಾಶ ಮತ್ತೆಂದೂ ಬರಲಿಲ್ಲ. ಭಾರತ ಸರ್ಕಾರ ಅವರಿಗೆ ಕೀರ್ತಿಚಕ್ರ ನೀಡಿತು. ಏರ್ ಕಮಡೋರ್ ಹುದ್ದೆಯವರೆಗೂ ಏರಿದ ಅವರ ಹೆಸರು ಕ್ವಿಜ್ ಪ್ರಶ್ನೆಗಳಲ್ಲಿ ಸಿಗುವುದು ಅಪರೂಪ.

ಇದು ಎಷ್ಟು ಅಪಾಯದ ಕೆಲಸವಾಗಿತ್ತು ಎಂಬುದಕ್ಕೆ ಸ್ಟ್ರೆಕಲೊವ್ ಅವರೇ ಜೀವಂತ ಸಾಕ್ಷಿಯಾಗಿದ್ದರು. ಶರ್ಮಾ ಹೊರಡುವುದಕ್ಕೆ ಸುಮಾರು ಆರು ತಿಂಗಳು ಮೊದಲು, 1983ರ ಸೆಪ್ಟೆಂಬರ್ 26ರಂದು, ಅವರೂ ವ್ಲಾದಿಮಿರ್ ಟಿಟೊವ್ ಎಂಬ ಸಹಯಾತ್ರಿಯೂ ಕೂತಿದ್ದ ರಾಕೆಟ್ಟಿಗೆ ಉಡಾವಣಾ ವೇದಿಕೆಯಲ್ಲೇ ಬೆಂಕಿ ಹತ್ತಿಕೊಂಡಿತು. ನೌಕೆಯ ತುದಿಯಲ್ಲಿದ್ದ ಪಾರುಗಾಣಿಕೆಯ ರಾಕೆಟ್ ಅವರಿದ್ದ ಭಾಗವನ್ನು ಕಿತ್ತುಕೊಂಡು ಮೇಲಕ್ಕೆ ಎಸೆಯಿತು. ಕೆಲವೇ ಕ್ಷಣಗಳಲ್ಲಿ ಕೆಳಗಿದ್ದ ರಾಕೆಟ್ ಸಿಡಿಯಿತು. ಇಬ್ಬರೂ ಪ್ಯಾರಾಚೂಟ್ ನೆರವಿನಿಂದ ಕೆಲವು ಕಿಲೋಮೀಟರ್ ದೂರದಲ್ಲಿ ಇಳಿದು ಬದುಕಿಕೊಂಡರು. ಅದೇ ಸ್ಟ್ರೆಕಲೊವ್ ಮುಂದಿನ ಏಪ್ರಿಲ್‌ನಲ್ಲಿ ಅದೇ ಬಗೆಯ ರಾಕೆಟ್ ಹತ್ತಿ ಶರ್ಮಾ ಅವರ ಪಕ್ಕದಲ್ಲಿ ಕೂತರು.

7 ದಿನ, 21 ಗಂಟೆ, 40 ನಿಮಿಷ

1984ರ ಏಪ್ರಿಲ್ 3ರಂದು, ಭಾರತದಲ್ಲಿ ಸಂಜೆಯಾಗಿದ್ದಾಗ, ಕಜಕಸ್ತಾನದ ಬೈಕನೂರಿನಿಂದ ಸೋಯುಜ್ ಟಿ-11 ಮೇಲೇರಿತು. ಯೂರಿ ಮಲಿಷೆವ್ ಕಮಾಂಡರ್, ಸ್ಟ್ರೆಕಲೊವ್ ಫ್ಲೈಟ್ ಎಂಜಿನಿಯರ್, ಸ್ಕ್ವಾಡ್ರನ್ ಲೀಡರ್ ರಾಕೇಶ್ ಶರ್ಮಾ ಸಂಶೋಧಕ ಗಗನಯಾತ್ರಿ. ಶರ್ಮಾ ಅನುಭವಿ ಪೈಲಟ್ ಆಗಿದ್ದರೂ ಈ ನೌಕೆಯನ್ನು ನಡೆಸುವ ಹೊಣೆ ಅವರದಾಗಿರಲಿಲ್ಲ. ಅವರ ಮುಖ್ಯ ಕೆಲಸ ಪ್ರಯೋಗಗಳನ್ನು ಮಾಡುವುದು.

ಮರುದಿನ ನೌಕೆ ಸಲ್ಯೂತ್-7 ಬಾಹ್ಯಾಕಾಶ ನಿಲ್ದಾಣವನ್ನು ಸೇರಿತು. ಅಲ್ಲಿ ಮೊದಲೇ ಇದ್ದ ಮೂವರ ಜೊತೆ ಇವರು ಮೂವರು ಸೇರಿ ನಿಲ್ದಾಣದಲ್ಲಿ ಆರು ಮಂದಿಯಾದರು. ಪ್ರಧಾನಿ ಇಂದಿರಾ ಗಾಂಧಿ ಟೆಲಿವಿಷನ್ ಮೂಲಕ ಮಾತನಾಡುತ್ತಾ, ಮೇಲಿನಿಂದ ಭಾರತ ಹೇಗೆ ಕಾಣುತ್ತದೆ ಎಂದು ಕೇಳಿದರು. ಕವಿ ಇಕ್ಬಾಲರ ಪ್ರಸಿದ್ಧ ದೇಶಗೀತೆಯ ಮೊದಲ ಪದಗಳಲ್ಲೇ ಶರ್ಮಾ ಉತ್ತರಿಸಿದ್ದು ಆ ಯಾನದ ಅತ್ಯಂತ ಜನಪ್ರಿಯ ನೆನಪಾಗಿ ಉಳಿದಿದೆ.

ಊಟಕ್ಕೆ ಮೈಸೂರಿನ ನಂಟೂ ಇತ್ತು. ಅಲ್ಲಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಈ ಯಾನಕ್ಕಾಗಿ ರವೆ ಹಲ್ವಾ, ತರಕಾರಿ ಪಲಾವ್‌ನಂತಹ ತಿನಿಸುಗಳನ್ನು ಸಿದ್ಧಮಾಡಿ ಕೊಟ್ಟಿತ್ತು. ಬಾಹ್ಯಾಕಾಶದ ಊಟ ಬಹಳ ದಿನ ಕೆಡಬಾರದು. ತಿನ್ನುವಾಗ ಪುಡಿ ಉದುರಬಾರದು, ಏಕೆಂದರೆ ತೇಲುವ ಪುಡಿ ಕಣ್ಣಿಗೆ, ಮೂಗಿಗೆ, ಯಂತ್ರಗಳ ಸಂದಿಗೆ ಸೇರಬಹುದು.

ಅಲ್ಲಿ ಮಾಡಿದ್ದೇನು?

ಮೊದಲನೆಯದು ಭೂಮಿಯ ಛಾಯಾಗ್ರಹಣ. ಪೂರ್ವ ಜರ್ಮನಿಯಲ್ಲಿ ತಯಾರಾದ, ಒಂದೇ ದೃಶ್ಯವನ್ನು ಬೆಳಕಿನ ಆರು ಬೇರೆ ಬೇರೆ ಪಟ್ಟಿಗಳಲ್ಲಿ ಸೆರೆಹಿಡಿಯುವ ಎಂಕೆಎಫ್-6ಎಂ ಕ್ಯಾಮೆರಾದಿಂದ ಭಾರತದ ನೆಲದ ಚಿತ್ರಗಳನ್ನು ತೆಗೆದರು. ಹಸಿರು ಗಿಡ, ಒಣಮಣ್ಣು, ನೀರು ಇವು ಬೆಳಕನ್ನು ಬೇರೆ ಬೇರೆ ರೀತಿಯಲ್ಲಿ ಹಿಂದಿರುಗಿಸುವುದರಿಂದ, ಇಂತಹ ಚಿತ್ರಗಳಿಂದ ಕಾಡು, ಬೆಳೆ, ಜಲಮೂಲಗಳನ್ನು ಗುರುತಿಸಬಹುದು. ಭಾರತಕ್ಕೆ ಆಗ ತನ್ನದೇ ಆದ ಪೂರ್ಣ ಪ್ರಮಾಣದ ದೂರಸಂವೇದಿ ಉಪಗ್ರಹ ಇರಲಿಲ್ಲ. ಮೊದಲ ಐಆರ್‌ಎಸ್ ಉಪಗ್ರಹ ಹಾರಿದ್ದು 1988ರಲ್ಲಿ.

ಎರಡನೆಯದು ವೈದ್ಯಕೀಯ ಪ್ರಯೋಗಗಳು. ಇವುಗಳಲ್ಲಿ ಹೆಚ್ಚು ಸುದ್ದಿಯಾದದ್ದು ಯೋಗ. ತೂಕರಹಿತ ಸ್ಥಿತಿಯಲ್ಲಿ ದೇಹದ ಸಮತೋಲನ ಹೇಳುವ ಒಳಕಿವಿಗೆ ಗೊಂದಲವಾಗುತ್ತದೆ. ಕಣ್ಣು ಒಂದು ಹೇಳಿದರೆ ಒಳಕಿವಿ ಇನ್ನೊಂದು ಹೇಳುತ್ತದೆ. ಇದರಿಂದ ತಲೆಸುತ್ತು, ವಾಕರಿಕೆ ಬರುತ್ತದೆ. ಕಾಲಿನ ಕಡೆಗಿರಬೇಕಾದ ದ್ರವ ತಲೆಯ ಕಡೆಗೆ ಸರಿದು ಮುಖ ಊದಿಕೊಳ್ಳುತ್ತದೆ. ದುಡಿಮೆ ಇಲ್ಲದ ಸ್ನಾಯುಗಳು ಸೊರಗುತ್ತವೆ. ಯೋಗಾಭ್ಯಾಸದಿಂದ ದೇಹ ಇದಕ್ಕೆ ಬೇಗ ಹೊಂದಿಕೊಳ್ಳುತ್ತದೆಯೇ ಎಂಬುದು ಪ್ರಶ್ನೆಯಾಗಿತ್ತು. 'ಬಾಹ್ಯಾಕಾಶದಲ್ಲಿ ಯೋಗ ಗೆದ್ದಿತು' ಎಂಬ ಮಾತನ್ನು ಕೆಲವೊಮ್ಮೆ ಕೇಳುತ್ತೇವೆ. ಆದರೆ ಒಬ್ಬರೇ ವ್ಯಕ್ತಿ ಎಂಟು ದಿನ ಮಾಡಿದ ಪ್ರಯೋಗದಿಂದ ಹಾಗೆ ತೀರ್ಮಾನಿಸಲು ಬರುವುದಿಲ್ಲ. ಅದನ್ನು ಕುತೂಹಲದ ಮೊದಲ ಹೆಜ್ಜೆ ಎನ್ನಬಹುದು, ಅಷ್ಟೇ.

ಮೂರನೆಯದು ಲೋಹಗಳ ಪ್ರಯೋಗ. ಕರಗಿದ ಲೋಹಗಳ ಮಿಶ್ರಣ ನೆಲದ ಮೇಲೆ ತಣ್ಣಗಾಗುವಾಗ ಭಾರವಾದದ್ದು ಕೆಳಗಿಳಿಯುತ್ತದೆ, ಹಗುರವಾದದ್ದು ಮೇಲೇರುತ್ತದೆ. ತೂಕರಹಿತ ಸ್ಥಿತಿಯಲ್ಲಿ ಹೀಗೆ ಬೇರ್ಪಡುವುದಿಲ್ಲ. ಆಗ ಅದು ಹೇಗೆ ಗಟ್ಟಿಯಾಗುತ್ತದೆ ಎಂದು ತಿಳಿಯುವುದು ಈ ಪ್ರಯೋಗಗಳ ಉದ್ದೇಶ.

ಏಪ್ರಿಲ್ 11ರಂದು ಮೂವರೂ ಕಜಕಸ್ತಾನದ ಬಯಲಿನಲ್ಲಿ ಇಳಿದರು. ಅವರು ಮರಳಿದ್ದು ತಾವು ಹೋದ ಟಿ-11ರಲ್ಲಿ ಅಲ್ಲ, ಮೊದಲೇ ಅಲ್ಲಿದ್ದ ಟಿ-10ರಲ್ಲಿ. ಕಕ್ಷೆಯಲ್ಲಿ ನಿಂತಿರುವ ನೌಕೆಗೆ ಇಂತಿಷ್ಟೇ ದಿನ ಎಂಬ ಆಯಸ್ಸಿರುತ್ತದೆ. ಹಾಗಾಗಿ ಅತಿಥಿಗಳು ಹಳೆಯ ನೌಕೆಯಲ್ಲಿ ಮರಳಿ, ಹೊಸದನ್ನು ಅಲ್ಲೇ ಉಳಿಯುವವರಿಗೆ ಬಿಟ್ಟುಬರುವುದು ಆಗಿನ ರೂಢಿ.

ಮತ್ತೆ ವಿಮಾನಕ್ಕೆ

ಸೋವಿಯತ್ ಒಕ್ಕೂಟ ಶರ್ಮಾ ಅವರಿಗೆ 'ಹೀರೋ ಆಫ್ ದ ಸೋವಿಯತ್ ಯೂನಿಯನ್' ಗೌರವ ನೀಡಿತು. ಈ ಗೌರವ ಪಡೆದ ಭಾರತೀಯರು ಅವರೊಬ್ಬರೇ. ಭಾರತ ಅವರಿಗೂ, ಮಲಿಷೆವ್ ಮತ್ತು ಸ್ಟ್ರೆಕಲೊವ್ ಅವರಿಗೂ ಶಾಂತಿಕಾಲದ ಅತ್ಯುನ್ನತ ಶೌರ್ಯ ಪ್ರಶಸ್ತಿಯಾದ ಅಶೋಕಚಕ್ರ ಕೊಟ್ಟಿತು.

ಇಷ್ಟಾದ ಮೇಲೆ ವಿಶ್ರಾಂತಿಯ ಬದುಕು ಆರಿಸಿಕೊಂಡಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಶರ್ಮಾ ತಮ್ಮ ಹಳೆಯ ಕೆಲಸಕ್ಕೇ ಮರಳಿದರು. ವಿಂಗ್ ಕಮಾಂಡರ್ ಆಗಿ ವಾಯುಪಡೆಯಿಂದ ನಿವೃತ್ತರಾಗಿ 1987ರಲ್ಲಿ ಹಿಂದೂಸ್ತಾನ್ ಏರೋನಾಟಿಕ್ಸ್, ಅಂದರೆ ಎಚ್‌ಎಎಲ್ ಸೇರಿದರು. 1992ರವರೆಗೆ ನಾಸಿಕ್‌ನಲ್ಲಿ, ಆಮೇಲೆ ಬೆಂಗಳೂರಿನಲ್ಲಿ ಮುಖ್ಯ ಪರೀಕ್ಷಾ ಪೈಲಟ್ ಆಗಿದ್ದರು. ನಾಸಿಕ್ ಬಳಿ ಮಿಗ್ ವಿಮಾನದ ಹಾರಾಟವೊಂದರಲ್ಲಿ ಅವರು ವಿಮಾನದಿಂದ ಹೊರಚಿಮ್ಮಿ ಜೀವ ಉಳಿಸಿಕೊಳ್ಳಬೇಕಾಯಿತು. ಬಾಹ್ಯಾಕಾಶಕ್ಕೆ ಹೋಗಿ ಸುರಕ್ಷಿತವಾಗಿ ಮರಳಿದವರಿಗೆ ಸಾವು ಹತ್ತಿರ ಬಂದದ್ದು ದಿನನಿತ್ಯದ ಕೆಲಸದಲ್ಲಿ. 2001ರಲ್ಲಿ ಹಾರಾಟದಿಂದ ನಿವೃತ್ತರಾಗಿ ನೀಲಗಿರಿಯ ಕೂನೂರಿನಲ್ಲಿ ನೆಲೆಸಿದರು.

ಕೆಲವು ತಪ್ಪು ತಿಳಿವಳಿಕೆಗಳು

ಅವರು ಚಂದ್ರನಲ್ಲಿಗೆ ಹೋಗಿದ್ದರೇ? ಇಲ್ಲ. ಸಲ್ಯೂತ್-7 ಸುತ್ತುತ್ತಿದ್ದದ್ದು ಭೂಮಿಯಿಂದ ಸುಮಾರು 300 ಕಿಲೋಮೀಟರ್ ಎತ್ತರದಲ್ಲಿ. ಚಂದ್ರ ಇರುವುದು ಸುಮಾರು 3,84,000 ಕಿಲೋಮೀಟರ್ ದೂರದಲ್ಲಿ. ಈವರೆಗೆ ಯಾವ ಭಾರತೀಯರೂ ಚಂದ್ರನ ಮೇಲೆ ಕಾಲಿಟ್ಟಿಲ್ಲ.

ಅಲ್ಲಿ ಗುರುತ್ವಾಕರ್ಷಣೆಯೇ ಇಲ್ಲವೇ? ಇದೆ. ಅಷ್ಟು ಎತ್ತರದಲ್ಲೂ ಗುರುತ್ವ ನೆಲದ ಮೇಲಿನದರ ಶೇ. 90ರಷ್ಟು ಇರುತ್ತದೆ. ನಿಲ್ದಾಣವೂ ಒಳಗಿರುವವರೂ ಒಟ್ಟಿಗೇ ಭೂಮಿಯ ಕಡೆಗೆ ಬೀಳುತ್ತಿರುತ್ತಾರೆ. ಆದರೆ ಗಂಟೆಗೆ ಸುಮಾರು 28,000 ಕಿಲೋಮೀಟರ್ ವೇಗದಲ್ಲಿ ಮುಂದಕ್ಕೂ ಸಾಗುತ್ತಿರುವುದರಿಂದ ನೆಲಕ್ಕೆ ಬೀಳದೆ ಸುತ್ತುತ್ತಲೇ ಇರುತ್ತಾರೆ. ಈ ನಿರಂತರ ಬೀಳುವಿಕೆಯೇ ತೂಕವಿಲ್ಲದಂತೆ ಅನಿಸಲು ಕಾರಣ.

ಮೊದಲಿಗರು ಕಲ್ಪನಾ ಚಾವ್ಲಾ ಅಲ್ಲವೇ? ಹರಿಯಾಣದ ಕರ್ನಾಲ್‌ನಲ್ಲಿ ಹುಟ್ಟಿದ ಅವರು ಬಾಹ್ಯಾಕಾಶಕ್ಕೆ ಹೋದ ಮೊದಲ ಭಾರತೀಯ ಮೂಲದ ಮಹಿಳೆ. ಅವರು ಮೊದಲು ಹೋದದ್ದು 1997ರಲ್ಲಿ, ಅಮೆರಿಕದ ಪ್ರಜೆಯಾಗಿ.

ನಂತರದ 41 ವರ್ಷ

ಶರ್ಮಾ ಅವರ ಬೆನ್ನಿಗೇ ಇನ್ನೊಬ್ಬ ಭಾರತೀಯರು ಹೋಗಬೇಕಿತ್ತು. ಇಸ್ರೋದ ಎನ್.ಸಿ. ಭಟ್ ಮತ್ತು ಪಿ. ರಾಧಾಕೃಷ್ಣನ್ ಅವರನ್ನು ಅಮೆರಿಕದ ಶಟಲ್ ಯಾನಕ್ಕಾಗಿ ಆರಿಸಲಾಗಿತ್ತು. ಇವರು ಪೈಲಟ್‌ಗಳಲ್ಲ, ಇಸ್ರೋದ ತಂತ್ರಜ್ಞರು. 1986ರ ಜನವರಿ 28ರಂದು ಚಾಲೆಂಜರ್ ಶಟಲ್ ಸಿಡಿದು ಏಳು ಮಂದಿ ಸತ್ತ ಮೇಲೆ ಆ ಯೋಜನೆ ನಿಂತುಹೋಯಿತು.

ಭೂಕಕ್ಷೆಗೆ ಹೋಗುವ ಮುಂದಿನ ಭಾರತೀಯರಿಗಾಗಿ 2025ರವರೆಗೆ ಕಾಯಬೇಕಾಯಿತು. ಆ ವರ್ಷದ ಜೂನ್ 25ರಂದು ಹೊರಟ ಗ್ರೂಪ್ ಕ್ಯಾಪ್ಟನ್ ಶುಭಾಂಶು ಶುಕ್ಲಾ, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ತಲುಪಿದ ಮೊದಲ ಭಾರತೀಯರಾದರು. ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಶುಕ್ಲಾ ಇನ್ನೂ ಹುಟ್ಟಿರಲಿಲ್ಲ. ಅವರೂ ವಾಯುಪಡೆಯ ಪರೀಕ್ಷಾ ಪೈಲಟ್. ಆದರೆ ಒಂದು ವ್ಯತ್ಯಾಸವಿತ್ತು: ಶರ್ಮಾ ಸಂಶೋಧಕರಾಗಿ ಹೋಗಿದ್ದರು, ಶುಕ್ಲಾ ತಮ್ಮ ಯಾನದ ಪೈಲಟ್ ಆಗಿದ್ದರು.

ಭಾರತದ್ದೇ ನೌಕೆಯಲ್ಲಿ ಮಾನವರನ್ನು ಕಳಿಸುವ ಗಗನಯಾನ ಯೋಜನೆಗೆ 2024ರಲ್ಲಿ ಪ್ರಕಟವಾದ ನಾಲ್ವರೂ, ಶುಕ್ಲಾ ಸೇರಿದಂತೆ, ವಾಯುಪಡೆಯ ಪರೀಕ್ಷಾ ಪೈಲಟ್‌ಗಳೇ. ಬೆಂಗಳೂರಿನ ವಾಯುಪಡೆ ವೈದ್ಯಕೀಯ ಸಂಸ್ಥೆ ಅವರ ಆಯ್ಕೆಯಲ್ಲಿ ಪಾಲ್ಗೊಂಡಿತ್ತು, ಅವರ ತರಬೇತಿಯ ಒಂದು ಭಾಗವೂ ಬೆಂಗಳೂರಿನಲ್ಲೇ ನಡೆದಿದೆ.

ಈ ಪದ್ಧತಿಗೆ ಒಂದು ಮಿತಿಯೂ ಇದೆ. ನಾಲ್ವರಲ್ಲಿ ಮಹಿಳೆಯರಿಲ್ಲ. ನಮ್ಮ ವಾಯುಪಡೆಗೆ ಮಹಿಳಾ ಯುದ್ಧವಿಮಾನ ಪೈಲಟ್‌ಗಳು ಬಂದದ್ದೇ 2016ರಲ್ಲಿ. ಅವರು ಅನುಭವ ಗಳಿಸಿ ಪರೀಕ್ಷಾ ಪೈಲಟ್ ಆಗಲು ವರ್ಷಗಳು ಬೇಕು. ನೌಕೆ ಹೊಸದಾಗಿದ್ದು ಅದರ ಗುಣಾವಗುಣ ಇನ್ನೂ ಗೊತ್ತಿಲ್ಲದಿರುವಾಗ ಪರೀಕ್ಷಾ ಪೈಲಟ್‌ಗಳನ್ನು ಕೂರಿಸುವುದು ಸಹಜ. ನೌಕೆಯ ಮೇಲೆ ನಂಬಿಕೆ ಬಂದಮೇಲೆ ವೈದ್ಯರು, ವಿಜ್ಞಾನಿಗಳು, ಎಂಜಿನಿಯರುಗಳಿಗೂ ಬಾಗಿಲು ತೆರೆಯುತ್ತದೆ. 1959ರಲ್ಲಿ ಪರೀಕ್ಷಾ ಪೈಲಟ್‌ಗಳನ್ನೇ ಕೇಳಿದ ನಾಸಾ 1965ರಲ್ಲಿ ವಿಜ್ಞಾನಿಗಳನ್ನು, 1978ರಲ್ಲಿ ಮಹಿಳೆಯರನ್ನು ಆರಿಸಿಕೊಂಡಿತು. ಭಟ್ ಮತ್ತು ರಾಧಾಕೃಷ್ಣನ್ ಅವರಂತಹ ತಂತ್ರಜ್ಞರಿಗೆ 1986ರಲ್ಲಿ ಮುಚ್ಚಿದ ಬಾಗಿಲು ಮತ್ತೆ ತೆರೆಯುವುದು, ನಮ್ಮದೇ ನೌಕೆ ಕೆಲವು ಬಾರಿ ಜನರನ್ನು ಹೊತ್ತು ಸುರಕ್ಷಿತವಾಗಿ ಮರಳಿದ ನಂತರವೇ.